ಹವ್ಯಾಸಿ ಡಿಜಿಟಲ್ ಛಾಯಾಗ್ರಹಣ

ಜೀವನೋಪಾಯಕ್ಕಾಗಿ ಅಲ್ಲದೆ ಸಂತೋಷಕ್ಕಾಗಿ, ಸ್ಮರಣೆಗಾಗಿ ಅಥವಾ ಅಧ್ಯಯನಕ್ಕಾಗಿ, ಫಿಲಂ ಬದಲು ವಿದ್ಯುನ್ಮಾನ ಸಂವೇದಕವುಳ್ಳ ಕ್ಯಾಮೆರಾದಿಂದ ಚಿತ್ರ ತೆಗೆಯುವ ಕಲೆಗೆ ಹವ್ಯಾಸಿ ಡಿಜಿಟಲ್ ಛಾಯಾಗ್ರಹಣವೆಂದು ಹೆಸರು. ಒಂದು ಸುರುಳಿಗೆ 36 ಚಿತ್ರಗಳೆಂಬ ಮಿತಿ, ತೊಳೆದು ಮುದ್ರಿಸುವ ತನಕ ಫಲವನ್ನು ಕಾಣಲಾಗದ ವಿಳಂಬ, ಕತ್ತಲೆಕೋಣೆ ಮತ್ತು ರಾಸಾಯನಿಕಗಳ ವೆಚ್ಚ, ಇವೆಲ್ಲವೂ ಫಿಲಂ ಕಾಲದ ಹವ್ಯಾಸಿಯ ಕೈಯನ್ನು ಕಟ್ಟಿದ್ದುವು. ಈಗ ಆ ಬಂಧನಗಳು ಕಳಚಿ, ತೆಗೆದ ಚಿತ್ರವನ್ನು ಆ ಕ್ಷಣದಲ್ಲಿಯೇ ನೋಡಿ ತಿದ್ದಿಕೊಳ್ಳುವ ಅನುಕೂಲ ಒದಗಿರುವುದರಿಂದ ಕಲಿಕೆಯ ಹಾದಿ ಬಹುಮಟ್ಟಿಗೆ ಸುಗಮವಾಗಿದೆ. ಆದರೆ ಕಲಿಕೆ ಸುಗಮವಾದಂತೆಲ್ಲ ಆಯ್ಕೆ ಜಟಿಲವಾಗಿದೆ. ಅಂಗಡಿಗೆ ಹೊಸ ಮಾದರಿಗಳು ಬರುತ್ತಲೇ ಇರುವುದರಿಂದ, ಹೊಸಬನು ಏನನ್ನು ಚಿತ್ರಿಸಬೇಕೆಂದು ಯೋಚಿಸುವ ಮೊದಲೇ ಯಾವ ಕ್ಯಾಮೆರಾ ಕೊಳ್ಳಬೇಕೆಂಬ ಚಿಂತೆಗೆ ಬೀಳುತ್ತಾನೆ. ವಸ್ತುತಃ ಕಲಿಕೆಯೂ ಆಯ್ಕೆಯೂ ಬೇರೆ ಬೇರೆ ವಿಷಯಗಳಲ್ಲ. ತನ್ನ ಚಿತ್ರದಲ್ಲಿ ಕಂಡ ದೋಷವು ಕೈಯದೋ ಉಪಕರಣದ್ದೋ ಎಂಬುದನ್ನು ಬೇರ್ಪಡಿಸಿ ಹೇಳಬಲ್ಲವನಿಗೆ ಮಾತ್ರ ವಿವೇಕದ ಆಯ್ಕೆ ಸಾಧ್ಯ.

ಇತಿಹಾಸ

ಬೆಳಕನ್ನು ವಿದ್ಯುದಂಶವಾಗಿ ಪರಿವರ್ತಿಸಿ ಸಾಲುಸಾಲಾಗಿ ಹೊರಸಾಗಿಸುವ ಸಿ.ಸಿ.ಡಿ. ಎಂಬ ಸಾಧನವನ್ನು ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಎಂಬ ವಿಜ್ಞಾನಿಗಳು 1969ರಲ್ಲಿ ಕಲ್ಪಿಸಿದರು. ಇದಕ್ಕಾಗಿ 2009ರಲ್ಲಿ ಅವರಿಗೆ ಭೌತವಿಜ್ಞಾನದ ನೊಬೆಲ್ ಪಾರಿತೋಷಕದ ಪಾಲು ಸಂದಿತು. ಈ ಸಾಧನವನ್ನು ಬಳಸಿ 1975ರಲ್ಲಿ ಈಸ್ಟ್‌ಮನ್ ಕೊಡಕ್ ಸಂಸ್ಥೆಯ ಎಂಜಿನಿಯರ್ ಸ್ಟೀವನ್ ಸ್ಯಾಸನ್ ನಿರ್ಮಿಸಿದ ಯಂತ್ರವು ಸುಮಾರು 3.6 ಕಿಲೋಗ್ರಾಂ ತೂಗುತ್ತಿತ್ತು. ಅದು ಅಡ್ಡಕ್ಕೆ 100, ಉದ್ದಕ್ಕೆ 100 ಬಿಂದುಗಳ ಒಂದು ಕಪ್ಪುಬಿಳುಪು ಚಿತ್ರವನ್ನು ಕ್ಯಾಸೆಟ್ ಟೇಪಿನ ಮೇಲೆ ಬರೆಯಲು 23 ಸೆಕೆಂಡು ತೆಗೆದುಕೊಳ್ಳುತ್ತಿತ್ತು. ಅದೇ ಸಂಸ್ಥೆಯ ಬ್ರೈಸ್ ಬೇಯರ್ ರೂಪಿಸಿ 1976ರಲ್ಲಿ ಪೇಟೆಂಟ್ ಪಡೆದ ವರ್ಣಶೋಧಕ ಜಾಲವು ಇಂದಿಗೂ ಬಹುತೇಕ ಎಲ್ಲ ಕ್ಯಾಮೆರಾಗಳ ಸಂವೇದಕದ ಮೇಲೆ ಹಾಸಿಕೊಂಡಿದೆ.

1991ರಲ್ಲಿ ಕೊಡಕ್ ಸಂಸ್ಥೆಯು ನಿಕಾನ್ ಎಫ್3 ಕ್ಯಾಮೆರಾದ ಒಡಲಿಗೆ 1.3 ಮೆಗಾಪಿಕ್ಸೆಲ್ಲಿನ ಸಂವೇದಕವನ್ನು ಅಳವಡಿಸಿ ಪತ್ರಿಕಾ ಛಾಯಾಗ್ರಾಹಕರಿಗೆಂದು ಮಾರಾಟಕ್ಕೆ ತಂದಿತು. 1999ರಲ್ಲಿ 2.7 ಮೆಗಾಪಿಕ್ಸೆಲ್ಲಿನ ನಿಕಾನ್ ಡಿ1 ಬಂದ ಮೇಲೆ ಪತ್ರಿಕಾಲಯಗಳು ಫಿಲಮ್ಮನ್ನು ಕ್ರಮೇಣ ಕೈಬಿಟ್ಟುವು. ಆದರೂ ಈ ಯಂತ್ರಗಳ ಬೆಲೆ ಸಾಮಾನ್ಯರ ಕೈಗೆಟುಕುವಂತಿರಲಿಲ್ಲ. 2003ರಲ್ಲಿ ಕ್ಯಾನನ್ ಇಒಎಸ್ 300ಡಿ ಒಂದು ಸಾವಿರ ಡಾಲರಿಗಿಂತ ಕಡಿಮೆ ಬೆಲೆಗೆ ದೊರೆತಂದಿನಿಂದ ಮಸೂರ ಬದಲಿಸಬಲ್ಲ ಡಿಜಿಟಲ್ ಕ್ಯಾಮೆರಾ ಹವ್ಯಾಸಿಯ ವಸ್ತುವಾಯಿತು. 2008ರಲ್ಲಿ ಪ್ಯಾನಸಾನಿಕ್ ಸಂಸ್ಥೆಯ ಲ್ಯೂಮಿಕ್ಸ್ ಜಿ1, ದೃಶ್ಯವನ್ನು ವ್ಯೂಫೈಂಡರಿಗೆ ತಿರುಗಿಸುವ ಒಳಗಿನ ಕನ್ನಡಿಯನ್ನು ತ್ಯಜಿಸಿದ ಮೊದಲ ಮೈಕ್ರೋ ಫೋರ್ ಥರ್ಡ್ಸ್ ಕ್ಯಾಮೆರಾ ಆಗಿ ಹೊರಬಂದಿತು. 2013ರಲ್ಲಿ ಸೋನಿ ಎ7 ಅದೇ ತತ್ತ್ವವನ್ನು ಪೂರ್ಣಚೌಕಟ್ಟಿನ ಸಂವೇದಕಕ್ಕೆ ವಿಸ್ತರಿಸಿತು. 2018ರಲ್ಲಿ ಕ್ಯಾನನ್ ಮತ್ತು ನಿಕಾನ್ ಸಂಸ್ಥೆಗಳೂ ಅದೇ ದಾರಿ ಹಿಡಿದುವು. ಇಂದು ಹೊಸದಾಗಿ ತಯಾರಾಗುವ ಮಸೂರಗಳಲ್ಲಿ ಹೆಚ್ಚಿನವು ಈ ಮಿರರ್‌ಲೆಸ್ ವರ್ಗಕ್ಕೆ ಸೇರಿದವು.

ಸಂವೇದಕ

ಸಂವೇದಕವು ಲಕ್ಷಾಂತರ ಸೂಕ್ಷ್ಮ ಕೋಶಗಳ ಒಂದು ಹಾಸು. ಪ್ರತಿಯೊಂದು ಕೋಶವೂ ತನ್ನ ಮೇಲೆ ಬಿದ್ದ ಬೆಳಕಿನ ಪ್ರಮಾಣವನ್ನು ಅಳೆಯುತ್ತದೆಯೇ ಹೊರತು ಅದರ ಬಣ್ಣವನ್ನು ಅರಿಯದು. ಆದುದರಿಂದ ಬೇಯರ್ ಜಾಲದಲ್ಲಿ ಅರ್ಧದಷ್ಟು ಕೋಶಗಳ ಮೇಲೆ ಹಸಿರು, ಕಾಲುಭಾಗದ ಮೇಲೆ ಕೆಂಪು, ಉಳಿದ ಕಾಲುಭಾಗದ ಮೇಲೆ ನೀಲಿ ಶೋಧಕಗಳನ್ನು ಇರಿಸಿ, ಪ್ರತಿ ಬಿಂದುವಿನ ಪೂರ್ಣವರ್ಣವನ್ನು ನೆರೆಯ ಕೋಶಗಳ ನೆರವಿನಿಂದ ಗಣಿಸಲಾಗುತ್ತದೆ. ಈ ಗಣನೆಗೆ ಮೊದಲಿನ ಕಚ್ಚಾ ದತ್ತಾಂಶವನ್ನು ಹಾಗೆಯೇ ಉಳಿಸಿದರೆ ಅದು ರಾ ಕಡತ. ಕ್ಯಾಮೆರಾ ತಾನೇ ಗಣಿಸಿ, ಬಣ್ಣ ತುಂಬಿ, ಸಂಕುಚಿತಗೊಳಿಸಿ ಕೊಟ್ಟರೆ ಅದು ಜೆಪೆಗ್. ಜೆಪೆಗ್‌ನಲ್ಲಿ ಪ್ರತಿ ವರ್ಣಕ್ಕೆ 8 ಬಿಟ್‌ಗಳೆಂದರೆ 256 ಮೆಟ್ಟಿಲುಗಳು ಮಾತ್ರ. ರಾ ಕಡತದಲ್ಲಿ ಸಾಮಾನ್ಯವಾಗಿ 12 ಅಥವಾ 14 ಬಿಟ್‌ಗಳಿರುವುದರಿಂದ 4096 ಅಥವಾ 16384 ಮೆಟ್ಟಿಲುಗಳು. ನೆರಳಿನಲ್ಲಿ ಅಡಗಿದ ವಿವರವನ್ನು ತರುವಾಯ ಮೇಲೆತ್ತಬೇಕಾದಾಗ ಈ ಅಂತರದ ಬೆಲೆ ತಿಳಿದುಬರುತ್ತದೆ.

ಸಂವೇದಕದ ವಿಸ್ತಾರವು ಹಲವು ಬಗೆ. ಪೂರ್ಣಚೌಕಟ್ಟು ಅಥವಾ ಫುಲ್ ಫ್ರೇಮ್ ಎನ್ನುವುದು 35 ಮಿ.ಮೀ. ಫಿಲಮ್ಮಿನ ಅಳತೆಯಾದ 36 × 24 ಮಿ.ಮೀ.; ಎಪಿಎಸ್-ಸಿ ಎನ್ನುವುದು ಸುಮಾರು 23.5 × 15.6 ಮಿ.ಮೀ., ಕ್ಯಾನನ್ ಸಂಸ್ಥೆಯದು ಇದಕ್ಕಿಂತ ತುಸು ಕಿರಿದು. ಮೈಕ್ರೋ ಫೋರ್ ಥರ್ಡ್ಸ್ 17.3 × 13 ಮಿ.ಮೀ.; ಒಂದು ಇಂಚಿನದೆಂದು ಕರೆಯಿಸಿಕೊಳ್ಳುವ ಸಂವೇದಕ ವಾಸ್ತವವಾಗಿ 13.2 × 8.8 ಮಿ.ಮೀ. ಸಂವೇದಕ ಹಿರಿದಾದಷ್ಟೂ ಅದರ ಮೇಲೆ ಬೀಳುವ ಒಟ್ಟು ಬೆಳಕು ಹೆಚ್ಚು. ಪೂರ್ಣಚೌಕಟ್ಟಿನ ವಿಸ್ತೀರ್ಣ ಎಪಿಎಸ್-ಸಿಯ ಎರಡೂಕಾಲು ಪಟ್ಟಿಗೂ ಮಿಗಿಲಾಗಿರುವುದರಿಂದ ಕತ್ತಲಲ್ಲಿ ಅದಕ್ಕೆ ಸುಮಾರು ಒಂದು ಸ್ಟಾಪ್‌ನ ಮೇಲುಗೈ ಉಂಟು. ಆದರೆ ಅದಕ್ಕೆ ತಕ್ಕ ಮಸೂರಗಳು ಭಾರವೂ ದುಬಾರಿಯೂ ಆಗಿರುತ್ತವೆ ಎಂಬುದನ್ನು ಜಾಹೀರಾತುಗಳು ಹೇಳುವುದಿಲ್ಲ.

ಮೆಗಾಪಿಕ್ಸೆಲ್ ಸಂಖ್ಯೆಯ ವಿಷಯದಲ್ಲಿ ಹೊಸಬರಿಗೆ ಇರುವ ಮೋಹ ಬಹುಮಟ್ಟಿಗೆ ನಿರಾಧಾರ. ಸ್ಪರ್ಧೆಗಳಿಗೂ ಗೋಡೆಗೂ ಸಾಮಾನ್ಯವಾಗಿ ಬಳಸುವ 12 × 18 ಇಂಚಿನ ಮುದ್ರಣವನ್ನು ಇಂಚಿಗೆ 300 ಬಿಂದುಗಳಂತೆ ಮಾಡಲು 5400 × 3600 ಬಿಂದುಗಳು, ಎಂದರೆ ಸುಮಾರು 19.4 ಮೆಗಾಪಿಕ್ಸೆಲ್ ಸಾಕು. 4ಕೆ ಪರದೆಗೆ 8.3 ಮೆಗಾಪಿಕ್ಸೆಲ್ ಸಾಕು. ಆದುದರಿಂದ 20 ಅಥವಾ 24 ಮೆಗಾಪಿಕ್ಸೆಲ್ಲಿನ ಹಳೆಯ ಕ್ಯಾಮೆರಾ ಹವ್ಯಾಸಿಯ ಯಾವ ಸಾಮಾನ್ಯ ಅಗತ್ಯಕ್ಕೂ ಕೊರತೆಯಾಗದು.

ಬೆಳಕಿನ ಲೆಕ್ಕ

ಸಂವೇದಕವನ್ನು ತಲಪುವ ಬೆಳಕು ಎರಡು ಅಂಗಗಳ ಅಧೀನ. ಮಸೂರದೊಳಗಿನ ದ್ಯುತಿರಂಧ್ರ ಅಥವಾ ಅಪರ್ಚರ್ ಎಷ್ಟು ತೆರೆದಿದೆ ಎಂಬುದನ್ನು ಎಫ್-ಸಂಖ್ಯೆ ತಿಳಿಸುತ್ತದೆ. ಅದು ಮಸೂರದ ಸಂಗಮದೂರವನ್ನು ರಂಧ್ರದ ವ್ಯಾಸದಿಂದ ಭಾಗಿಸಿದ ಫಲ. 50 ಮಿ.ಮೀ. ಮಸೂರದಲ್ಲಿ ರಂಧ್ರದ ವ್ಯಾಸ 25 ಮಿ.ಮೀ. ಇದ್ದರೆ ಅದು ಎಫ್/2. 1.4, 2, 2.8, 4, 5.6, 8, 11, 16, 22 ಎಂಬ ಶ್ರೇಣಿಯಲ್ಲಿ ಒಂದೊಂದು ಹೆಜ್ಜೆಗೂ ಬೆಳಕು ಅರ್ಧವಾಗುತ್ತ ಹೋಗುತ್ತದೆ. ಈ ಒಂದು ಹೆಜ್ಜೆಗೇ ಹವ್ಯಾಸಿಗಳು ಸ್ಟಾಪ್ ಎನ್ನುತ್ತಾರೆ. ಷಟರ್ ಎಷ್ಟು ಹೊತ್ತು ತೆರೆದಿರುತ್ತದೆಯೆಂಬುದು ಎರಡನೆಯದು. ಐಎಸ್ಒ ಎಂಬ ಮೂರನೆಯ ಅಂಕವು ಬೆಳಕನ್ನು ಹೆಚ್ಚಿಸುವುದಿಲ್ಲ. ದೊರೆತ ಸಂಕೇತವನ್ನು ವರ್ಧಿಸಿ ಚಿತ್ರವನ್ನು ಬೆಳಗಿಸುತ್ತದೆ, ಜೊತೆಗೆ ಬೆಳಕಿನ ಕೊರತೆಯಿಂದ ಹುಟ್ಟಿದ ಕಣಕಣವಾದ ನಾಯ್ಸ್ ಅನ್ನೂ ಎತ್ತಿ ತೋರಿಸುತ್ತದೆ.

ಈ ಮೂರರ ನಡುವೆ ಕೊಡುಕೊಳೆ ಉಂಟು. ಐಎಸ್ಒ 100ರಲ್ಲಿ ಎಫ್/8, 1/250 ಸೆಕೆಂಡು ಎಂಬುದೂ ಎಫ್/4, 1/1000 ಸೆಕೆಂಡು ಎಂಬುದೂ ಸಮಾನವಾದ ಬೆಳಕನ್ನು ಕೊಟ್ಟರೂ ಚಿತ್ರಗಳು ಸಮಾನವಲ್ಲ. ಮೊದಲನೆಯದರಲ್ಲಿ ಮುಂದಿನಿಂದ ಹಿಂದಿನವರೆಗೆ ಹೆಚ್ಚು ಭಾಗ ಸ್ಫುಟ, ಎರಡನೆಯದರಲ್ಲಿ ಚಲನೆ ನಿಶ್ಚಲ. ಯಾವುದನ್ನು ಉಳಿಸಿಕೊಂಡು ಯಾವುದನ್ನು ಬಿಟ್ಟುಕೊಡಬೇಕೆಂಬ ತೀರ್ಮಾನವೇ ಛಾಯಾಗ್ರಾಹಕನ ಮೊದಲ ಸೃಜನಕಾರ್ಯ.

ಕ್ಯಾಮೆರಾದೊಳಗಿನ ಬೆಳಕಿನ ಮಾಪಕವು ಎದುರಿನ ದೃಶ್ಯ ಸರಾಸರಿಯಲ್ಲಿ ನಡುಬೂದು ಬಣ್ಣದ್ದೆಂದು ಭಾವಿಸಿ ಲೆಕ್ಕ ಹಾಕುತ್ತದೆ. ಈ ಊಹೆ ಅನೇಕ ದೃಶ್ಯಗಳಿಗೆ ಸರಿಹೊಂದಿದರೂ, ಸುಣ್ಣ ಬಳಿದ ಗೋಡೆ ಚೌಕಟ್ಟನ್ನೆಲ್ಲ ತುಂಬಿದಾಗ ಅದನ್ನು ಮಂಕಾಗಿಸುತ್ತದೆ. ಕರಿಯ ಎಮ್ಮೆಯೊಂದೇ ಚೌಕಟ್ಟನ್ನು ತುಂಬಿದಾಗ ಅದನ್ನು ಬೂದು ಮಾಡುತ್ತದೆ. ಕಪ್ಪು ನೀರಿನ ಮೇಲೆ ಸಣ್ಣದಾಗಿ ಕಾಣುವ ಬೆಳ್ಳಕ್ಕಿಯನ್ನು ವಿವರವಿಲ್ಲದ ಬಿಳಿಯ ತೇಪೆಯಾಗಿಸುತ್ತದೆ. ಮೊದಲನೆಯದಕ್ಕೆ ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಗುಂಡಿಯಿಂದ ಬೆಳಕನ್ನು ಹೆಚ್ಚಿಸಿ, ಉಳಿದೆರಡಕ್ಕೆ ಕಡಿಮೆ ಮಾಡಬೇಕು. ತೆಗೆದ ಚಿತ್ರದ ಹಿಸ್ಟೋಗ್ರಾಂ ಎಂಬ ರೇಖಾಲೇಖ್ಯವು ಬಲಗಡೆಯ ಅಂಚಿಗೆ ಒತ್ತಿ ನಿಂತಿದ್ದರೆ ಹೆಚ್ಚು ಬೆಳಗಿದ ಭಾಗಗಳ ವಿವರ ನಷ್ಟವಾಗಿದೆ ಎಂದರ್ಥ. ಹೀಗೆ ನಷ್ಟವಾದುದನ್ನು ಯಾವ ತಂತ್ರಾಂಶವೂ ಮರಳಿಸಲಾರದು.

ಅಭ್ಯಾಸಕ್ರಮ

ಕೈಯಲ್ಲಿರುವ ಕ್ಯಾಮೆರಾ ಮೊಬೈಲ್ ಫೋನಿನದೇ ಆದರೂ ಅಭ್ಯಾಸಕ್ಕೆ ತೊಡಗಲು ಅಡ್ಡಿಯಿಲ್ಲ. ಚೌಕಟ್ಟಿನ ಅಂಚುಗಳನ್ನು ಗಮನಿಸುವುದು, ಹಿನ್ನೆಲೆಯ ವಿದ್ಯುತ್ ಕಂಬವು ಮನುಷ್ಯನ ತಲೆಯಿಂದ ಮೊಳೆತಂತೆ ಕಾಣದ ಹಾಗೆ ಒಂದು ಹೆಜ್ಜೆ ಪಕ್ಕಕ್ಕೆ ಸರಿಯುವುದು, ಕಿಟಕಿಯ ಓರೆಬೆಳಕಿಗೂ ನಡುಹಗಲ ಬಿಸಿಲಿಗೂ ಮುಖದಲ್ಲಾಗುವ ವ್ಯತ್ಯಾಸವನ್ನು ಗುರುತಿಸುವುದು, ಇವು ಉಪಕರಣವನ್ನು ಅವಲಂಬಿಸಿದ ವಿದ್ಯೆಗಳಲ್ಲ. ಮುಂದಿನ ಮೆಟ್ಟಿಲಲ್ಲಿ ಅಪರ್ಚರ್ ಪ್ರಾಧಾನ್ಯದ ಕ್ರಮವನ್ನು ಹಿಡಿದು, ಎಫ್-ಸಂಖ್ಯೆಯನ್ನು ತಾನೇ ಆರಿಸಿ ಷಟರ್ ವೇಗವನ್ನು ಕ್ಯಾಮೆರಾಕ್ಕೆ ಬಿಟ್ಟುಕೊಡಬೇಕು. ಅದು ಕರಗತವಾದ ಮೇಲೆ ಪೂರ್ಣ ಮ್ಯಾನುಯಲ್ ಕ್ರಮಕ್ಕೆ ಹೋಗುವುದು ಉಚಿತ. ಒಂದೇ ಸಂಗಮದೂರದ ಮಸೂರವನ್ನು ಕೆಲವು ಕಾಲ ಬಿಡದೆ ಬಳಸಿದರೆ, ಆ ಮಸೂರ ಎಷ್ಟು ದೃಶ್ಯವನ್ನು ಹಿಡಿಯುವುದೆಂಬುದು ಕ್ಯಾಮೆರಾ ಕಣ್ಣಿಗೆತ್ತುವ ಮೊದಲೇ ಗೊತ್ತಾಗುವಷ್ಟು ಕಣ್ಣು ಪಳಗುತ್ತದೆ.

ಅಭ್ಯಾಸದ ನಿಜವಾದ ಪಾಠಶಾಲೆ ಕೆಟ್ಟುಹೋದ ಚಿತ್ರಗಳ ಪರೀಕ್ಷೆ. ಮಸುಕಾಗಿ ಬಂದ ಚಿತ್ರವೊಂದನ್ನು ಪರದೆಯ ಮೇಲೆ ನೂರಕ್ಕೆ ನೂರು ಅಳತೆಗೆ ಹಿಗ್ಗಿಸಿ ನೋಡಿದರೆ ಅದರ ಕಾರಣ ಅಲ್ಲಿಯೇ ಬರೆದಿರುತ್ತದೆ. ಎಲ್ಲ ವಸ್ತುಗಳೂ ಒಂದೇ ದಿಕ್ಕಿಗೆ ಎಳೆದಂತೆ ಕಂಡರೆ ಕೈ ಅಲುಗಿದೆ. ಹಿನ್ನೆಲೆಯ ಗೋಡೆ ಸ್ಫುಟವಾಗಿದ್ದು ಓಡುವ ಮಗು ಮಾತ್ರ ಕಲಸಿದ್ದರೆ ಷಟರ್ ವೇಗ ಸಾಲದು. ಮುಖ ಮಸುಕಾಗಿ ಅದರ ಹಿಂದಿನ ಎಲೆಗಳು ಹರಿತವಾಗಿದ್ದರೆ ಫೋಕಸ್ ತಪ್ಪಿದ ಜಾಗಕ್ಕೆ ಕುಳಿತಿದೆ. ಎಲ್ಲಿಯೂ ಹರಿತವಾದ ಬಿಂದುವೇ ಇಲ್ಲದೆ ಚಿತ್ರವೆಲ್ಲ ಮೃದುವಾಗಿದ್ದರೆ ಮಸೂರದ ಗಾಜು ಕೊಳೆಯಾಗಿರಬಹುದು, ದೂರದ ಬಿಸಿಗಾಳಿ ಅಡ್ಡಬಂದಿರಬಹುದು, ಎಫ್/22ರಂತಹ ಅತಿ ಕಿರಿದಾದ ರಂಧ್ರದಿಂದ ಬೆಳಕಿನ ವಿವರ್ತನೆಯಾಗಿರಬಹುದು, ಅಥವಾ ಮಸೂರದ ಶಕ್ತಿಯೇ ಅಷ್ಟಾಗಿರಬಹುದು. ಮಸುಕಿನ ಈ ನಾಲ್ಕು ಬಗೆಗಳಲ್ಲಿ ಮೊದಲ ಮೂರು ಬಹುಪಾಲು ಕೈಯ ದೋಷಗಳು. ಷಟರ್ ವೇಗವನ್ನು ಹೆಚ್ಚಿಸಿ, ನಿಲುವನ್ನು ಸರಿಪಡಿಸಿ, ಫೋಕಸ್ ಬಿಂದುವನ್ನು ತಾನೇ ಆರಿಸಿ ಇವನ್ನು ನಿವಾರಿಸಬಹುದು. ಕೈಯಲ್ಲಿ ಹಿಡಿದು ತೆಗೆಯುವಾಗ ಷಟರ್ ವೇಗದ ಛೇದವು ಸಂಗಮದೂರದ ಸಂಖ್ಯೆಗಿಂತ ಕಡಿಮೆಯಾಗಬಾರದೆಂಬುದು ಫಿಲಂ ಕಾಲದಿಂದ ಬಂದ ರೂಢಿ; 200 ಮಿ.ಮೀ. ಮಸೂರಕ್ಕೆ 1/200 ಸೆಕೆಂಡು, ಎಪಿಎಸ್-ಸಿ ಕ್ಯಾಮೆರಾದಲ್ಲಿ ಒಂದೂವರೆ ಪಟ್ಟು ಸೇರಿಸಿ 1/300. ಇವೆಲ್ಲವನ್ನೂ ಪಾಲಿಸಿದ ಮೇಲೂ ಅದೇ ದೋಷ ಮರುಕಳಿಸಿದರೆ ಆಗ ಮಾತ್ರ ಉಪಕರಣದ ಮಿತಿ ಎದುರಾಗಿದೆ ಎನ್ನಬಹುದು.

ಮಸೂರಗಳು

ಕ್ಯಾಮೆರಾದ ಒಡಲು ಕೆಲವು ವರ್ಷಗಳಲ್ಲಿ ಹಳತಾದರೂ ಒಳ್ಳೆಯ ಮಸೂರ ದಶಕಗಟ್ಟಲೆ ಬಾಳುತ್ತದೆ. ಆದುದರಿಂದ ಹಣದ ದೊಡ್ಡ ಪಾಲು ಮಸೂರಕ್ಕೆ ಸಲ್ಲುವುದು ನ್ಯಾಯ. ಕ್ಯಾಮೆರಾದೊಂದಿಗೆ ಬರುವ 18-55 ಮಿ.ಮೀ. ಕಿಟ್ ಲೆನ್ಸ್ ಅನ್ನು ತುಚ್ಛವೆಂದು ಬದಿಗಿಡುವುದು ಅನುಭವಿಗಳಲ್ಲಿ ಒಂದು ವಾಡಿಕೆಯಾಗಿಬಿಟ್ಟಿದೆಯಾದರೂ, ಹಗಲಿನಲ್ಲಿ ಎಫ್/8ಕ್ಕೆ ಇಟ್ಟು ತೆಗೆದ ಭೂದೃಶ್ಯದಲ್ಲಿ ಅದರ ಕುಂದನ್ನು ಕಾಣುವುದು ಕಷ್ಟ. ಅದರ ನಿಜವಾದ ಮಿತಿ ಬೆಳಕು ಕುಗ್ಗಿದಾಗ ತೋರುತ್ತದೆ. ಆ ಮಿತಿಯನ್ನು ಅಲ್ಪವೆಚ್ಚದಲ್ಲಿ ದಾಟಿಸುವುದು 50 ಮಿ.ಮೀ. ಎಫ್/1.8 ಮಸೂರ, ಎಫ್/5.6ಕ್ಕೆ ಹೋಲಿಸಿದರೆ ಇದು ಹತ್ತುಪಟ್ಟಿಗೆ ಸಮೀಪವಾದ ಬೆಳಕನ್ನು ಒಳಬಿಡುತ್ತದೆ. ಎಪಿಎಸ್-ಸಿ ಕ್ಯಾಮೆರಾದಲ್ಲಿ ಮನೆಯೊಳಗಿನ ಚಿತ್ರಗಳಿಗೆ 50 ಮಿ.ಮೀ. ತುಸು ಇಕ್ಕಟ್ಟೆನಿಸುವುದರಿಂದ 35 ಮಿ.ಮೀ. ಮಸೂರವನ್ನು ಆರಿಸುವವರೂ ಉಂಟು. ಕೀಟ, ಹೂವು, ಜೇಡಗಳನ್ನು ನೈಜಗಾತ್ರದಲ್ಲಿ ಹಿಡಿಯಲು 90 ಅಥವಾ 100 ಮಿ.ಮೀ. ಮ್ಯಾಕ್ರೋ, ಹಕ್ಕಿಗಳಿಗೆ 400 ಮಿ.ಮೀ. ಅಥವಾ ಅದಕ್ಕೂ ಮಿಗಿಲಾದ ಟೆಲಿ, ಬೆಟ್ಟಗುಡ್ಡಗಳಿಗೆ ಅಗಲನೋಟದ ವೈಡ್ ಲೆನ್ಸ್, ಇವೆಲ್ಲವೂ ವಿಷಯದ ಮೇಲೆ ಆಸಕ್ತಿ ನೆಲೆನಿಂತ ಮೇಲೆ ಕೊಳ್ಳತಕ್ಕ ವಸ್ತುಗಳು.

ಮಸೂರವನ್ನು ಒಡಲಿಗೆ ಕೂಡಿಸುವ ಮೌಂಟ್ ಸಾಮಾನ್ಯವಾಗಿ ಒಂದೊಂದು ಸಂಸ್ಥೆಯದು ಒಂದೊಂದು ಬಗೆಯದಾಗಿದ್ದು ಒಂದರ ಮಸೂರ ಇನ್ನೊಂದಕ್ಕೆ ನೇರವಾಗಿ ಕೂಡುವುದಿಲ್ಲ. ನಿಕಾನ್ ಎಫ್ ಮೌಂಟ್ 1959ರಿಂದಲೂ ಕ್ಯಾನನ್ ಇಎಫ್ ಮೌಂಟ್ 1987ರಿಂದಲೂ ಬಳಕೆಯಲ್ಲಿದ್ದುದರಿಂದ ಈ ಎರಡರ ಹಳೆಯ ಮಸೂರಗಳು ಅಪಾರವಾಗಿ ದೊರೆಯುತ್ತವೆ. ಅವನ್ನು ಹೊಸ ಮಿರರ್‌ಲೆಸ್ ಕ್ಯಾಮೆರಾಗಳಿಗೆ ಅಡಾಪ್ಟರ್ ಮೂಲಕ ಜೋಡಿಸಬಹುದು. ಮೊದಲ ಕ್ಯಾಮೆರಾವನ್ನು ಆರಿಸುವುದೆಂದರೆ ಒಂದು ಮೌಂಟನ್ನು ಆರಿಸುವುದೆಂದೇ ಅರ್ಥವಾದುದರಿಂದ, ಮುಂದೆ ಬೇಕಾಗಬಹುದಾದ ಮಸೂರ ಆ ಮೌಂಟಿನಲ್ಲಿ ತನ್ನ ಶಕ್ತಿಗೆ ತಕ್ಕ ಬೆಲೆಗೆ ದೊರೆಯುವುದೇ ಎಂದು ಮೊದಲೇ ವಿಚಾರಿಸಿಕೊಳ್ಳಬೇಕು. ಸ್ನೇಹಿತರು ಅಥವಾ ಬಂಧುಗಳು ಬಳಸುವ ಮೌಂಟನ್ನೇ ಆರಿಸಿಕೊಂಡರೆ ಮಸೂರಗಳನ್ನು ಎರವಲು ಪಡೆದು ಪರೀಕ್ಷಿಸುವ ಲಾಭವೂ ಉಂಟು.

ಮೂರು ನಿದರ್ಶನಗಳು

ಉಪಕರಣದ ಆಯ್ಕೆಯನ್ನು ವಿಷಯವು ಹೇಗೆ ನಿರ್ಧರಿಸುತ್ತದೆಂಬುದನ್ನು ಕರ್ನಾಟಕದ ಹವ್ಯಾಸಿಗಳು ಬಹುವಾಗಿ ಚಿತ್ರಿಸುವ ಮೂರು ವಿಷಯಗಳಿಂದ ತಿಳಿಯಬಹುದು.

ರಾತ್ರಿಯ ಯಕ್ಷಗಾನದಲ್ಲಿ ರಂಗಸ್ಥಳದ ದೀಪ ಪ್ರಖರವೆಂದು ಕಣ್ಣಿಗೆ ತೋರಿದರೂ ಕ್ಯಾಮೆರಾಕ್ಕೆ ಅದು ಅಲ್ಪವೇ. ವೇಷಧಾರಿ ಧೀಂಗಿಣ ಹಾಕುವಾಗ ಕಿರೀಟದ ಕುಸುರಿಯನ್ನು ಸ್ಫುಟವಾಗಿ ಹಿಡಿಯಲು ಕನಿಷ್ಠ 1/250 ಸೆಕೆಂಡು ಬೇಕು. ಅನೇಕ ರಂಗಸ್ಥಳಗಳಲ್ಲಿ ಇದಕ್ಕೆ ಎಫ್/2.8 ಮತ್ತು ಐಎಸ್ಒ 3200 ಬೇಕಾಗುತ್ತದೆ. ಅದೇ ಕಿಟ್ ಲೆನ್ಸ್‌ನ ಎಫ್/5.6ರಲ್ಲಿ ಎರಡು ಸ್ಟಾಪ್ ನಷ್ಟವಾಗಿ ಷಟರ್ 1/60ಕ್ಕೆ ಇಳಿಯುತ್ತದೆ, ಇಲ್ಲವೆ ಐಎಸ್ಒ 12800ಕ್ಕೆ ಏರುತ್ತದೆ. ಸುತ್ತಲಿನ ಕತ್ತಲೆಯಿಂದ ಮಾಪಕವು ಮೋಸಹೋಗಿ ಬಣ್ಣ ಬಳಿದ ಮುಖವನ್ನು ಬೆಳ್ಳಗಾಗಿಸುವುದನ್ನು ಸ್ಪಾಟ್ ಮೀಟರಿಂಗ್‌ನಿಂದ ತಡೆಯಬಹುದು. ಅದು ಕೈಯ ಕೆಲಸ. ಆದರೆ ಎರಡು ಸ್ಟಾಪ್‌ನ ಕೊರತೆ ಅಭ್ಯಾಸದಿಂದ ತುಂಬುವಂತಹದಲ್ಲ. ಇಲ್ಲಿ ಹಿರಿದಾದ ಅಪರ್ಚರಿನ ಮಸೂರವೇ ಬೇಕು. ಕೈನಡುಕವನ್ನು ತಡೆಯುವ ಸ್ಟೆಬಿಲೈಸೇಷನ್ ವ್ಯವಸ್ಥೆ ಕುಣಿಯುವವನನ್ನು ತಡೆಯಲಾರದಾದುದರಿಂದ ಅದರಿಂದ ಇಲ್ಲಿ ಪ್ರಯೋಜನವಿಲ್ಲ.

ಬೇಲೂರಿನ ಚೆನ್ನಕೇಶವ ದೇವಾಲಯದ ನವರಂಗದಲ್ಲಿ ಬೆಳಕು ಇದಕ್ಕಿಂತಲೂ ಕಡಿಮೆ. ಆದರೆ ಅಲ್ಲಿನ ಕಡೆದ ಕಂಬಗಳು ಅಲುಗುವುದಿಲ್ಲ. ಸಂರಕ್ಷಿತ ಸ್ಮಾರಕಗಳಲ್ಲಿ ಅನುಮತಿಯಿಲ್ಲದೆ ಟ್ರೈಪಾಡ್ ಬಳಸುವಂತಿಲ್ಲವಾದುದರಿಂದ, ಸ್ಟೆಬಿಲೈಸೇಷನ್ ಉಳ್ಳ ಸಾಧಾರಣ ಮಸೂರವನ್ನು ಉಸಿರು ಬಿಗಿಹಿಡಿದು 1/8 ಸೆಕೆಂಡಿಗೆ ತೆರೆದರೆ ಸಾಕು; ದುಬಾರಿಯ ಎಫ್/2.8 ಬೇಕಿಲ್ಲ. ಹೊರಗೋಡೆಯ ಶಿಲಾಬಾಲಿಕೆಯರನ್ನು ನಡುಹಗಲಲ್ಲಿ ತೆಗೆದರೆ ಮೇಲಿನ ಚಾಚುಚಪ್ಪಡಿಯ ನೆರಳು ಮುಖವನ್ನೆಲ್ಲ ನುಂಗುತ್ತದೆ; ಬೆಳಗಿನ ಅಥವಾ ಇಳಿಹಗಲಿನ ಓರೆಬಿಸಿಲಿನಲ್ಲಿ ಉಬ್ಬುತಗ್ಗುಗಳು ಎದ್ದು ಬರುತ್ತವೆ. ಇದಕ್ಕೆ ಬೇಕಾದುದು ಗಡಿಯಾರವೇ ಹೊರತು ಹೊಸ ಮಸೂರವಲ್ಲ.

ರಂಗನತಿಟ್ಟಿನ ದೋಣಿಯಲ್ಲಿ ಕುಳಿತು ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳನ್ನು ತೆಗೆಯುವವನಿಗೆ ದೋಣಿ, ಹಕ್ಕಿ, ಕೈ ಮೂರೂ ಚಲಿಸುತ್ತಿರುತ್ತವೆ. ಟ್ರೈಪಾಡ್ ದೋಣಿಯೊಡನೆಯೇ ಅಲುಗುವುದರಿಂದ ನಿರುಪಯೋಗಿ. ಹಾರುವ ಕೊಕ್ಕರೆಗೆ 1/1600 ಸೆಕೆಂಡು, ಎಫ್/5.6, ಬೆಳಗಿನ ಹೊತ್ತಿನಲ್ಲಿ ಐಎಸ್ಒ 800 ಎಂಬುದು ತಕ್ಕ ಆರಂಭ. ಇಲ್ಲಿ ಉದ್ದವಾದ ಟೆಲಿಯ ಅಗತ್ಯ ನಿಜವಾದುದು, 400 ಮಿ.ಮೀ. ಮಸೂರವು ಎಪಿಎಸ್-ಸಿ ಕ್ಯಾಮೆರಾದಲ್ಲಿ ಪೂರ್ಣಚೌಕಟ್ಟಿನ 600 ಮಿ.ಮೀ. ಮಸೂರದ ನೋಟಕೋನವನ್ನು ಕೊಡುವುದರಿಂದ, ಹಕ್ಕಿ ಹವ್ಯಾಸಿಗೆ ಕಿರಿದಾದ ಸಂವೇದಕವೇ ಅನುಕೂಲವಾಗುವ ಸಂದರ್ಭವಿದು. ಹಕ್ಕಿಯನ್ನು ಬೆನ್ನಟ್ಟಿ ಹಿಡಿಯುವ ಚುರುಕಾದ ಆಟೋಫೋಕಸ್ ಕೂಡ ಇಲ್ಲಿ ಸಾರ್ಥಕ.

ಒಡಲು ಮತ್ತು ಪರಿಕರಗಳು

ಮಿರರ್‌ಲೆಸ್ ಕ್ಯಾಮೆರಾದ ವಿದ್ಯುನ್ಮಾನ ವ್ಯೂಫೈಂಡರಿನಲ್ಲಿ ಬರಲಿರುವ ಚಿತ್ರದ ಬೆಳಕು ಮೊದಲೇ ಕಾಣುವುದರಿಂದ ಕಲಿಯುವವನಿಗೆ ಅನುಕೂಲ ಹೆಚ್ಚು. ಕನ್ನಡಿಯುಳ್ಳ ಹಳೆಯ ಡಿಎಸ್‌ಎಲ್‌ಆರ್ ಕ್ಯಾಮೆರಾಗಳಲ್ಲಿ ಬ್ಯಾಟರಿ ಬಹುಕಾಲ ಬಾಳುತ್ತದೆ. ಅವು ಸೆಕೆಂಡ್ ಹ್ಯಾಂಡ್ ಪೇಟೆಯಲ್ಲಿ ಮಸೂರಸಹಿತವಾಗಿ ಅಗ್ಗವಾಗಿ ಸಿಗುತ್ತವೆ. ಒಡಲನ್ನು ಆರಿಸುವಾಗ ಅದು ಕೈಗೆ ಒಪ್ಪುವುದೇ, ಎಫ್-ಸಂಖ್ಯೆ, ಷಟರ್, ಐಎಸ್ಒಗಳನ್ನು ಮೆನು ತೆರೆಯದೆ ಬೆರಳಿನಿಂದಲೇ ಬದಲಿಸಬಹುದೇ ಎಂಬುದನ್ನು ಅಂಗಡಿಯಲ್ಲಿ ಹಿಡಿದು ನೋಡುವುದು ತಾಂತ್ರಿಕ ವಿವರಗಳ ಎಲ್ಲ ಪಟ್ಟಿಗಳಿಗಿಂತಲೂ ವಿಶ್ವಾಸಾರ್ಹ. ಅಧಿಕೃತ ಆಮದಲ್ಲದ ಗ್ರೇ ಮಾರ್ಕೆಟ್ಟಿನ ಸರಕು ಕೆಲವು ಸಾವಿರ ರೂಪಾಯಿ ಕಡಿಮೆಯಾದರೂ ಭಾರತದ ವಾರಂಟಿ ಅದಕ್ಕಿರುವುದಿಲ್ಲ.

ಬಳಸಿದ ಉಪಕರಣವನ್ನು ಕೊಳ್ಳುವವನು ಕೆಲವು ಪರೀಕ್ಷೆಗಳನ್ನು ತಪ್ಪದೆ ಮಾಡತಕ್ಕದ್ದು. ಮಸೂರದ ಹಿಂದಿನಿಂದ ಟಾರ್ಚ್ ಬೆಳಕು ಹಾಯಿಸಿ ಮುಂದಿನಿಂದ ನೋಡಿದರೆ ಒಳಗಾಜಿನಲ್ಲಿ ಬೂಷ್ಟು ಹಿಡಿದಿದ್ದಲ್ಲಿ ಜೇಡರಬಲೆಯಂತಹ ಎಳೆಗಳು ಕಾಣುತ್ತವೆ. ಅಪರ್ಚರಿನ ಎಸಳುಗಳ ಮೇಲೆ ಎಣ್ಣೆಯ ಮಿನುಗು ಇರಬಾರದು. ಎಫ್/16ಕ್ಕೆ ಇಟ್ಟು ಬರಿಯ ಆಕಾಶವನ್ನು ತೆಗೆದರೆ ಸಂವೇದಕದ ಮೇಲಿನ ಧೂಳು ಚುಕ್ಕೆಗಳಾಗಿ ತೋರುತ್ತದೆ. ಷಟರ್ ಕೌಂಟ್ ಎಷ್ಟೆಂದು ಕೇಳಬೇಕು. ಸಾಮಾನ್ಯ ಒಡಲುಗಳಿಗೆ ಸುಮಾರು 1 ಲಕ್ಷ, ಮೇಲ್ದರ್ಜೆಯವಕ್ಕೆ 2 ಲಕ್ಷ ಅಥವಾ ಅದಕ್ಕೂ ಹೆಚ್ಚು ಬಾರಿಯ ಬಾಳಿಕೆಯನ್ನು ತಯಾರಕರು ಸೂಚಿಸುತ್ತಾರೆ.

ಪರಿಕರಗಳಲ್ಲಿ ಗಟ್ಟಿಯಾದ ಟ್ರೈಪಾಡ್, ಹೆಚ್ಚುವರಿ ಬ್ಯಾಟರಿ, ಎರಡು ಮೆಮೊರಿ ಕಾರ್ಡುಗಳು ಅವಶ್ಯ. ಮಲೆನಾಡಿನ ತೊಯ್ದ ಎಲೆಗಳ ಮೇಲಿನ ಹೊಳಪನ್ನು ಕಳೆದು ಹಸಿರನ್ನು ಗಾಢಗೊಳಿಸುವ ಪೋಲರೈಜರ್, ಜೋಗದಂತಹ ಜಲಪಾತದ ನೀರನ್ನು ಹಾಲಿನಂತೆ ಹರಿಸುವ ಎನ್‌ಡಿ ಫಿಲ್ಟರ್, ಇವೆರಡರ ಪರಿಣಾಮವನ್ನು ತರುವಾಯ ಕಂಪ್ಯೂಟರಿನಲ್ಲಿ ಪೂರ್ಣವಾಗಿ ತರಲಾಗದು. ಉಳಿದ ಬಣ್ಣದ ಫಿಲ್ಟರ್‌ಗಳ ಕಾಲ ಫಿಲಮ್ಮಿನೊಂದಿಗೇ ಮುಗಿಯಿತು.

ಪಾಲನೆ

ಕರಾವಳಿ ಮತ್ತು ಮಲೆನಾಡಿನ ಹವ್ಯಾಸಿಗೆ ಮಸೂರದ ಪರಮಶತ್ರು ಬೂಷ್ಟು. ಮಳೆಗಾಲದಲ್ಲಿ ಗಾಳಿಯ ತೇವಾಂಶ ತಿಂಗಳುಗಟ್ಟಲೆ ಏರಿಯೇ ಇರುವಾಗ ಕ್ಯಾಮೆರಾವನ್ನು ಚರ್ಮದ ಅಥವಾ ಬಟ್ಟೆಯ ಚೀಲದಲ್ಲಿ ಮುಚ್ಚಿ ಬೀರುವಿನೊಳಗೆ ಇಡುವುದು ಅದಕ್ಕೆ ಬಿತ್ತನೆ ಮಾಡಿದಂತೆಯೇ ಸರಿ. ಶೇಕಡ 40ರಿಂದ 50ರ ಸಾಪೇಕ್ಷ ಆರ್ದ್ರತೆಯಲ್ಲಿ ಉಪಕರಣ ಸುರಕ್ಷಿತ. ಇದಕ್ಕಾಗಿ ವಿದ್ಯುತ್ ಡ್ರೈ ಕ್ಯಾಬಿನೆಟ್ಟುಗಳಿವೆ; ಅಲ್ಪವೆಚ್ಚದಲ್ಲಿ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಕಾಯಿಸಿ ಮತ್ತೆ ಬಳಸಬಹುದಾದ ಸಿಲಿಕಾ ಜೆಲ್, ಒಂದು ಸಣ್ಣ ಆರ್ದ್ರತಾಮಾಪಕ ಇವಿಷ್ಟರಿಂದಲೂ ಕೆಲಸ ನಡೆಯುತ್ತದೆ. ಉಪಕರಣವನ್ನು ಆಗಾಗ ಹೊರತೆಗೆದು ಬಳಸುವುದೂ ಒಂದು ಬಗೆಯ ರಕ್ಷಣೆಯೇ.

ಸಂಸ್ಕರಣ ಮತ್ತು ಸಂಗ್ರಹ

ರಾ ಕಡತವನ್ನು ಚಿತ್ರವಾಗಿಸುವ ಕಾರ್ಯಕ್ಕೆ 2007ರಲ್ಲಿ ಬಂದ ಅಡೋಬಿ ಲೈಟ್‌ರೂಂ ಬಹುಪ್ರಚಲಿತ. ಡಾರ್ಕ್‌ಟೇಬಲ್ ಮತ್ತು ರಾಥೆರಪಿ ಎಂಬ ಮುಕ್ತ ತಂತ್ರಾಂಶಗಳು ಶುಲ್ಕವಿಲ್ಲದೆ ದೊರೆಯುತ್ತವೆ. ಬಿಳಿಯ ಸಮತೋಲ, ಬೆಳಕು ನೆರಳುಗಳ ಹೊಂದಾಣಿಕೆ, ಚೌಕಟ್ಟಿನ ಕತ್ತರಿಕೆ, ಕಟ್ಟಕಡೆಗೆ ಮಿತವಾದ ಹರಿತಗೊಳಿಸುವಿಕೆ ಎಂಬ ಕ್ರಮ ಪ್ರಶಸ್ತ. ಚಿತ್ರಗಳನ್ನು ಬೇರೆ ಬೇರೆ ಎರಡು ಡಿಸ್ಕುಗಳಲ್ಲಿಯೂ ಮನೆಯ ಹೊರಗೆ ಇನ್ನೊಂದೆಡೆಯಲ್ಲಿಯೂ ಉಳಿಸಿದ ಮೇಲೆಯೇ ಕಾರ್ಡನ್ನು, ಅದೂ ಕ್ಯಾಮೆರಾದಲ್ಲಿಯೇ, ಫಾರ್ಮ್ಯಾಟ್ ಮಾಡಬೇಕು.

ಕರ್ನಾಟಕದಲ್ಲಿ ಹವ್ಯಾಸ

ಕರ್ನಾಟಕದಲ್ಲಿ ಈ ಹವ್ಯಾಸದ ಬೇರು ಹಳೆಯದು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಮೇಣಕಾಗದದ ದೊಡ್ಡ ನೆಗೆಟಿವ್‌ಗಳಲ್ಲಿ ಹಂಪೆಯ ಅವಶೇಷಗಳನ್ನು ಚಿತ್ರಿಸಿದ್ದು ಇಂದು ಇತಿಹಾಸಜ್ಞರಿಗೆ ಅಮೂಲ್ಯ ಆಧಾರವಾಗಿದೆ. ಬೆಂಗಳೂರಿನ ಡಾ. ಜಿ. ಥಾಮಸ್ 1953ರಲ್ಲಿ ಭಾರತೀಯ ಛಾಯಾಗ್ರಹಣ ಒಕ್ಕೂಟದ ಸ್ಥಾಪನೆಗೆ ಕಾರಣರಾದರು. 1971ರಲ್ಲಿ ಅದೇ ನಗರದಲ್ಲಿ ಆರಂಭವಾದ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಹವ್ಯಾಸಿಗಳಿಗೆ ಶಿಕ್ಷಣ ನೀಡುತ್ತ ಬಂದಿದೆ. ಮೈಸೂರಿನ ಟಿ.ಎಸ್. ಸತ್ಯನ್ ಜನಸಾಮಾನ್ಯರ ಬದುಕನ್ನು ಚಿತ್ರಿಸಿ ಪದ್ಮಶ್ರೀ ಪಡೆದರು. ಅವರ ಕನ್ನಡ ಕೃತಿ ‘ಕಾಲಕ್ಕೆ ಕನ್ನಡಿ’. ವನ್ಯಜೀವಿ ಕ್ಷೇತ್ರದಲ್ಲಿ ಓ.ಸಿ. ಎಡ್ವರ್ಡ್ಸ್ ಅವರ ಶಿಷ್ಯರಾದ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್, ರಾಜಕಾರಣದ ನಡುವೆಯೂ ಕಪ್ಪುಬಿಳುಪಿನ ಚಿತ್ರಗಳಿಗೆ ಹೆಸರಾದ ಸಂಡೂರಿನ ಎಂ.ವೈ. ಘೋರ್ಪಡೆ, ಮುಂದಿನ ತಲೆಮಾರಿನ ಕೃಪಾಕರ ಮತ್ತು ಸೇನಾನಿ ಪ್ರಸಿದ್ಧರು. ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯ ಸುತ್ತಿನ ಹಕ್ಕಿಗಳನ್ನು ತಾಳ್ಮೆಯಿಂದ ಚಿತ್ರಿಸಿ, ಬರಹಗಾರನೊಬ್ಬನ ಹವ್ಯಾಸವು ಎಷ್ಟು ದೂರ ಹೋಗಬಹುದೆಂಬುದನ್ನು ಕನ್ನಡ ಓದುಗರಿಗೆ ತೋರಿಸಿಕೊಟ್ಟರು. ಇವರಲ್ಲಿ ಅನೇಕರು ತಮ್ಮ ಮುಖ್ಯ ಕೆಲಸವನ್ನು ಮಾಡಿದುದು ಆಟೋಫೋಕಸ್ ಇಲ್ಲದ ಕ್ಯಾಮೆರಾಗಳಲ್ಲಿ, ಇಂದಿನ ಅತಿ ಅಗ್ಗದ ಸಂವೇದಕಕ್ಕಿಂತಲೂ ಮಂದವಾದ ಫಿಲಮ್ಮಿನ ಮೇಲೆ.

ನೀತಿ ಮತ್ತು ವಿವೇಕ

ಗೂಡಿನಲ್ಲಿ ಕುಳಿತ ಹಕ್ಕಿಯನ್ನು ಎಬ್ಬಿಸುವುದು, ಮರೆಯಾಗಿರುವ ಕೊಂಬೆಗಳನ್ನು ಕಡಿದು ಗೂಡನ್ನು ಬಯಲಿಗೆ ತರುವುದು, ಅನುಮತಿ ಕೇಳದೆ ಜನರ ಮುಖಕ್ಕೆ ಕ್ಯಾಮೆರಾ ಹಿಡಿಯುವುದು, ದೇವಾಲಯಗಳ ಗರ್ಭಗುಡಿಯ ನಿಷೇಧವನ್ನು ಮೀರುವುದು, ಇವು ಎಷ್ಟೇ ಒಳ್ಳೆಯ ಚಿತ್ರವನ್ನು ಕೊಟ್ಟರೂ ಹವ್ಯಾಸಕ್ಕೆ ಕಳಂಕ.

ಉಪಕರಣದ ವಿಷಯದಲ್ಲಿ ಕಡೆಯ ಮಾತು ಇಷ್ಟೆ. ಹೊಸದೊಂದನ್ನು ಕೊಳ್ಳಬೇಕೆನಿಸಿದಾಗ ಹವ್ಯಾಸಿಯು ತನ್ನ ಇತ್ತೀಚಿನ ಚಿತ್ರಗಳಲ್ಲಿ ಕೆಟ್ಟವನ್ನು ಆರಿಸಿ ಮುಂದಿಟ್ಟುಕೊಂಡು, ಪ್ರತಿಯೊಂದರ ದೋಷವನ್ನೂ ಕೈಯದು ಅಥವಾ ಉಪಕರಣದ್ದು ಎಂದು ಕಾಗದದ ಮೇಲೆ ಗುರುತುಮಾಡಲಿ. ಕೈಯ ದೋಷವೇ ಹೆಚ್ಚಾಗಿದ್ದರೆ ಹಣವನ್ನು ಪ್ರವಾಸಕ್ಕೂ ಮುದ್ರಣಕ್ಕೂ ವೆಚ್ಚ ಮಾಡಲಿ. ಉಪಕರಣದ ಒಂದೇ ದೋಷ ಮೇಲಿಂದ ಮೇಲೆ ಕಂಡುಬಂದರೆ ಆ ಒಂದನ್ನು ನೀಗುವ ಉಪಕರಣವನ್ನು ಮಾತ್ರ ಕೊಳ್ಳಲಿ.